ಮಾಳಿಗೆ ಮೇಲಿನ ಸೋಲಾರ್ ಮತ್ತು ಶಂಡಿಗೆಯ ಪ್ರಶ್ನೆ

ವಿಜಯಪುರದ ನಮ್ಮ ಕಾಲೊನಿಯಲ್ಲಿ ಸೋಲಾರ್ ಹಾಕಿಸಿಕೊಂಡ ನಾಲ್ಕು ಮನೆಯವರು ಸೇರಿ ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯ ಮಾಳಿಗೆ ಬಾಗಿಲು ತೆರೆದಿಡುತ್ತೇವೆ. ಯಾರು ಬೇಕಾದರೂ ಬಂದು ನೋಡಬಹುದು, ಬಿಲ್ ತೋರಿಸಿ ಅನ್ನಬಹುದು. ಬ್ಯಾನರ್ ಇಲ್ಲ, ಭಾಷಣ ಇಲ್ಲ. ಚಹಾ, ಚುರುಮುರಿ ಮಾತ್ರ.

ಹೋದ ವಾರ ನಮ್ಮ ಮನೆಯ ಸರದಿ. ನಾನು ಇನ್ವರ್ಟರ್ ಬಗ್ಗೆ ಹೇಳುತ್ತಿದ್ದಾಗ ಹಿಂದಿನ ಓಣಿಯ ಕಾಕು ನಡುವೆ ಬಾಯಿ ಹಾಕಿದರು. "ಎಲ್ಲಾ ಖರೇರಿ. ಆದ್ರ ಶಂಡಿಗಿ ಎಲ್ಲಿ ಹಾಕೂದ್ರಿ?"

ಎಲ್ಲರೂ ನಕ್ಕರು. ನನ್ನ ಹೆಂಡತಿ ಮಾತ್ರ ನಗದೆ ನನ್ನ ಕಡೆ ನೋಡಿದಳು. 3 ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ಜಾಗ ಬೇಕು. ನಮ್ಮ ಕಡೆ ಮಾಳಿಗೆ ಅಂದರೆ ಖಾಲಿ ಜಾಗ ಅಲ್ಲ. ಶಂಡಿಗೆ, ಹಪ್ಪಳ, ಮೆಣಸಿನಕಾಯಿ, ಶೇಂಗಾ ಎಲ್ಲಾ ಒಣಗೋದು ಅಲ್ಲೇ, ಬೇಸಿಗೆಯಲ್ಲಿ ನಾವು ಮಲಗೋದೂ ಅಲ್ಲೇ. ಆಳೆತ್ತರದ ಕಂಬ ಹಾಕಿ ಪ್ಯಾನೆಲ್ ಕೂರಿಸಿದರೆ ಕೆಳಗೆ ಓಡಾಡಬಹುದು, ಖರ್ಚು ಜಾಸ್ತಿ ಆಗುತ್ತದೆ. ಆದರೂ ನೆರಳಲ್ಲಿ ಶಂಡಿಗೆ ಒಣಗಲ್ಲ. ನಾನು ದುಡ್ಡು ಉಳಿಸೋಕೆ ಹೋಗಿ ತಗ್ಗಾಗಿ ಹಾಕಿಸಿದೆ. ಈಗ ಪ್ರತಿ ಬೇಸಿಗೆಗೂ ಮನೆಯಲ್ಲಿ ಮಾತು ಕೇಳುತ್ತೇನೆ.

ಸೋಲಾರ್ ಜಾಗೃತಿ ಕಾರ್ಯಕ್ರಮ ಅಂತ ನಾನೂ ಮೂರ್ನಾಲ್ಕಕ್ಕೆ ಹೋಗಿ ಕೂತಿದ್ದೇನೆ. ಎಲ್ಲಾ ಕಡೆ ಸೂರ್ಯ ಪುಕ್ಕಟೆ ಕೊಡ್ತಾನೆ ಅನ್ನೋ ಮಾತೇ. ಬಿಸಿಲಿನ ಬಗ್ಗೆ ವಿಜಯಪುರದವರಿಗೆ ಪಾಠ ಹೇಳಬೇಕೇನ್ರೀ? ಜನರಿಗೆ ಬೇಕಾಗಿರೋದು ಲೆಕ್ಕ. ಅದೂ ತೊಂದರೆ ಸಮೇತ.

ಮನೆ ಮಾಳಿಗೆಯ ಸೋಲಾರಿಗೆ ಸಬ್ಸಿಡಿ ಕೊಡುವ ಕೇಂದ್ರದ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಲ್ಲಿಗೆ 78,000. ಅದರ ಮೇಲೆ ಎಷ್ಟೇ ದೊಡ್ಡದು ಹಾಕಿಸಿದರೂ ಅಷ್ಟೇ. ಈ ಸಬ್ಸಿಡಿ ಖಾತೆಗೆ ಬರೋದು ಕೆಲಸ ಮುಗಿದ ಮೇಲೆ, ಅನ್ನೋದನ್ನ ಗಟ್ಟಿಯಾಗಿ ಹೇಳಬೇಕು. ಇನ್ನೊಂದು ಮಾತು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿರುವ ಮನೆಗೆ ಹೋಗಿ ಸೋಲಾರ್ ಹಾಕಿಸಿ, ಉಳಿತಾಯ ಆಗುತ್ತೆ ಅಂದರೆ ಅದು ಸುಳ್ಳೇ ಅಲ್ವಾ? 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ನಮ್ಮಂಥವರಿಗೆ ಲೆಕ್ಕ ಬೇರೆ.

ಕರೆಂಟ್ ಹೋದರೆ? ಇದೂ ಹೋಗುತ್ತದೆ! ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಕರೆಂಟ್ ಲೈನಿಗೇ ಜೋಡಿಸಿದ್ದು, ಲೈನ್ ಸತ್ತ ಕೂಡಲೇ ತಾನೂ ಬಂದ್ ಆಗುತ್ತದೆ. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟ್ ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯುತ್ತೆ. ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇಟ್ಟುಕೊಂಡ ಜಿಲ್ಲೆಯಲ್ಲೂ ಕರೆಂಟ್ ಹೋಗುತ್ತಲ್ಲ, ಹಾಗಾಗಿ ಇದು ಎಲ್ಲರೂ ಕೇಳುವ ಪ್ರಶ್ನೆ. ನನಗೆ ಮಾರಿದವರು ಇದನ್ನ ಹೇಳಿರಲಿಲ್ಲ. ಪ್ಯಾನೆಲ್ ಕೂರಿಸಿದ ದಿನವೇ ಖುಷಿಯಲ್ಲಿ ಸ್ವಿಚ್ ಬೇರೆ ಹಾಕಿಕೊಟ್ಟು ಹೋದರು. ಲೈನಿಂದ ತಗೊಂಡಿದ್ದು, ಲೈನಿಗೆ ಕೊಟ್ಟಿದ್ದು ಎರಡನ್ನೂ ಬೇರೆ ಬೇರೆ ಎಣಿಸುವ ನೆಟ್ ಮೀಟರ್ ಇನ್ನೂ ಬಂದಿರಲಿಲ್ಲ. ನಾವು ಲೈನಿಗೆ ಕೊಟ್ಟ ಕರೆಂಟನ್ನೂ ಹಳೆ ಮೀಟರ್ ಬಳಕೆ ಅಂತಲೇ ಎಣಿಸಿತು. ಆ ತಿಂಗಳ ಬಿಲ್ ಹಿಂದಿನದಕ್ಕಿಂತ ಜಾಸ್ತಿ! ಆ ಬಿಲ್ ಅನ್ನು ಫ್ರೇಮ್ ಹಾಕಿಸಿ ಮೆಟ್ಟಿಲ ಹತ್ತಿರ ತೂಗುಹಾಕಿದ್ದೇನೆ. ಬಂದವರು ಮೊದಲು ಅದನ್ನೇ ಓದುತ್ತಾರೆ.

ಬಿಸಿಲು ಜೋರಾದಷ್ಟೂ ಕರೆಂಟ್ ಜಾಸ್ತಿ ಅಂತ ನಾನೂ ನಂಬಿದ್ದೆ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಕಾವಲ್ಲ. ಕಾದಷ್ಟೂ ಅದು ಸೋಲುತ್ತದೆ. ಏಪ್ರಿಲ್‌ನ ಉರಿಯಲ್ಲಿ ನಾನು ಎಣಿಸಿದಷ್ಟು ಯೂನಿಟ್ ಬರಲಿಲ್ಲ. ಧೂಳು ಕೂತರೂ ಕಡಿಮೆ ಆಗುತ್ತೆ. ಬೋರ್ ನೀರಲ್ಲಿ ತೊಳೆದರೆ ಬಿಳಿ ಕಲೆ ಕೂರುತ್ತದೆ, ಬೆಳಿಗ್ಗೆ ತಂಪಿನ ಹೊತ್ತಲ್ಲಿ ಸಿಹಿನೀರಲ್ಲಿ ಒರೆಸಬೇಕು.

ಹಳ್ಳಿಯ ಕಥೆ ಬೇರೆ. ಇಂಡಿ ಕಡೆ ನಮ್ಮ ಮಾವನ ನಿಂಬೆ ತೋಟ ಇದೆ. ಅಲ್ಲೊಂದು ಸಭೆಯಲ್ಲಿ ಭಾಷಣ ಮಾಡಿದವರು ಸೋಲಾರ್ ಪಂಪ್ ಹಾಕಿಸಿದರೆ ಬಿಲ್ ಉಳಿಯುತ್ತೆ ಅಂದರಂತೆ. ಕೂತ ರೈತರು ಮುಖಮುಖ ನೋಡಿಕೊಂಡರಂತೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ಲೇ ಇಲ್ಲವಲ್ಲ! ಅವರ ಕಷ್ಟ ಬಿಲ್ ಅಲ್ಲ, ಹೊತ್ತು. ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೋ ಆಗ ಎದ್ದು ಹೋಗಬೇಕು. ನಡುರಾತ್ರಿ ಟಾರ್ಚ್ ಹಿಡಿದು, ಹಾವು ಚೇಳು ನೋಡಿಕೊಂಡು ನೀರು ತಿರುವಬೇಕು. ಸೋಲಾರ್ ಪಂಪ್ ಹಗಲಲ್ಲಿ ನೀರು ಕೊಡುತ್ತದೆ. ರೈತರ ಸೋಲಾರ್ ಪಂಪ್‌ಗೆ ಸಬ್ಸಿಡಿ ಕೊಡುವ ಕುಸುಮ್ ಯೋಜನೆ ಬಗ್ಗೆ ಹೇಳುವವರು ಇದನ್ನೇ ಮೊದಲು ಹೇಳಬೇಕಿತ್ತು. ನಮ್ಮ ಮಾವ ಹಾಕಿಸಿದ್ದು ಪಕ್ಕದ ತೋಟದವರನ್ನು ನೋಡಿ. "ರೊಕ್ಕ ಉಳೀತೋ ಬಿಡ್ತೋ, ರಾತ್ರಿ ನಿದ್ದಿ ಆಗ್ತದಪ್ಪ" ಅಂತಾರೆ. ಅವರನ್ನೇ ಒಮ್ಮೆ ನಮ್ಮ ಮಾಳಿಗೆಗೆ ಕರೆಸಬೇಕು ಅಂದುಕೊಂಡಿದ್ದೇನೆ.

ಅಂದಹಾಗೆ, ಕಾಕು ಇನ್ನೂ ಒಪ್ಪಿಲ್ಲ. ಅರ್ಧ ಮಾಳಿಗೆ ಸೋಲಾರಿಗೆ, ಅರ್ಧ ಶಂಡಿಗೆಗೆ ಅಂತ ಮಗನ ಜೊತೆ ಟೇಪು ಹಿಡಿದು ಅಳೆಯುತ್ತಿದ್ದಾರೆ. 2 ಕಿಲೋವ್ಯಾಟ್ ಸಾಕಾಗುತ್ತಾ ಅಂತ ಮುಂದಿನ ಭಾನುವಾರ ಲೆಕ್ಕ ಹಾಕೋಣ ಅಂದಿದ್ದೇನೆ. ನೀವೂ ಬರುವುದಾದರೆ ಹಿಂದಿನ ಆರು ತಿಂಗಳ ಬಿಲ್ ತಗೊಂಡು ಬನ್ನಿ.