ಸಿಂಗಳೀಕ ನೋಡಲು ಹೋಗಿ ಭಾವನ ಸ್ಪೀಕರ್ ಕೇಳಿ ಬಂದೆ

ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನ್ನ ತಲೆ ಸಿಡಿದೀತು. ಮೊನ್ನೆ ಭಾನುವಾರ ಕುಂಬಳೆಯಿಂದ ಟೆಂಪೋ ಟ್ರಾವೆಲರ್ ಮಾಡಿಕೊಂಡು ಮನೆಮಂದಿಯೆಲ್ಲ ಕುದುರೆಮುಖಕ್ಕೆ ಹೋದೆವು. ಹದಿನಾಲ್ಕು ಜನ. ಐಡಿಯಾ ನನ್ನದೇ. ತಪ್ಪಾಯಿತು.

ನನಗಿದ್ದ ಆಸೆ ಒಂದೇ, ಸಿಂಗಳೀಕ ನೋಡಬೇಕು. ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಮಂಗ ಅದು. ಕಪ್ಪು ಮೈ, ಮುಖದ ಸುತ್ತ ನರೆತ ಕೂದಲು, ಬಾಲದ ತುದಿಗೊಂದು ಕುಚ್ಚು. ಇರುವುದೆಲ್ಲ ಮರದ ಮೇಲೆ, ನೆಲಕ್ಕೆ ಇಳಿಯುವುದು ಅಪರೂಪ. ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಗಿದ್ದರಲ್ಲಿ ಅದರ ಪಾಲೂ ಇದೆ. ಅದು ಕಾಣಬೇಕಾದರೆ ಮೊದಲು ಕೊಂಬೆಯ ಸದ್ದು ಕೇಳಬೇಕು. ಸದ್ದು ಕೇಳಬೇಕಾದರೆ ನಾವು ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟೇ ಅಲ್ವಾ?

ಮಾಳ ದಾಟಿ ಘಾಟಿ ಏರುವಾಗಲೇ ಭಾವ ಚೀಲದಿಂದ ಬ್ಲೂಟೂತ್ ಸ್ಪೀಕರ್ ತೆಗೆದರು. ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡದು. ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ) ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟು, ದಾರಿಯಲ್ಲಿ ನಿಲ್ಲಿಸಬೇಡಿ ಅಂದರು. ಎಲ್ಲರೂ ತಲೆ ಆಡಿಸಿದರು. ಎರಡು ತಿರುವು ದಾಟಿಲ್ಲ, "ಡ್ರೈವರೇ, ಒಂದು ಫೋಟೋ!"

ಹೀಗೆ ಆರು ಸಲ. ಇಳಿದಲ್ಲೆಲ್ಲ ನೇಂದ್ರ ಚಿಪ್ಸಿನ ಖಾಲಿ ಪ್ಯಾಕೆಟ್. ಅದನ್ನು ಹೆಕ್ಕುವುದು ನಾನು. ಹೆಕ್ಕಲು ಬಗ್ಗಿದಾಗ ಕಾಲಿಗೆ ಹತ್ತಿದ ಇಂಬಳಗಳೂ ನನಗೇ.

ಕಡಾಂಬಿ ಜಲಪಾತ ದಾಟಿದ ಮೇಲೆ ಒಂದು ಕಡೆ ಕೊಂಬೆ ಅಲ್ಲಾಡಿತು. ಏನೋ ಕಪ್ಪಗೆ ಕಂಡಿತು. ನಾನು ಉಸಿರು ಹಿಡಿದು ಕೈ ತೋರಿಸಿದೆ. ಅಕ್ಕ "ಅಯ್ಯೋ ಮಂಗ!" ಅಂತ ಕಿರುಚಿದಳು. ಅವಳ ಮಗ ಚಿಪ್ಸ್ ಎಸೆದ. ಭಾವ ವಾಲ್ಯೂಮ್ ಜಾಸ್ತಿ ಮಾಡಿದರು. ಮುಗಿಯಿತು. ಬಾಲದ ಕುಚ್ಚು ಕಂಡಿತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದು ಬರೀ ಒಣಗಿದ ಎಲೆಯೂ ಇರಬಹುದು.

"ಇದರಲ್ಲಿ ಎಂತ ಉಂಟು ಮಾರಾಯ? ನಮ್ಮ ತೋಟದಲ್ಲಿ ಮಂಗ ಇಲ್ಲವಾ?" ಅಂತ ಭಾವ ಬೇರೆ.

ಇದೇ ಬೆಟ್ಟದಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಲು ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು. 2005ರ ಕೊನೆಗೆ ನಿಂತಿತು. ಭಾವನ ಸ್ಪೀಕರ್ ನಿಲ್ಲಿಸಲು ನಾನು ಯಾವ ಕೋರ್ಟಿಗೆ ಹೋಗಲಿ?

ಆಚೆ ಚೆಕ್‌ಪೋಸ್ಟ್ ಮುಟ್ಟುವಾಗ ಚೀಟಿಯ ಸಮಯ ಮೀರಿತ್ತು. ದಂಡ ಹಾಕಿದರು, ಹಾಕಲೇಬೇಕು. ಎಲ್ಲರೂ ನನ್ನ ಮುಖ ನೋಡಿದರು. ಐಡಿಯಾ ನನ್ನದಲ್ವಾ! ಕೊಟ್ಟೆ.

ರಾತ್ರಿ ಫ್ಯಾಮಿಲಿ ಗ್ರೂಪಿನಲ್ಲಿ ಭಾವನ ಫೋಟೋ ಬಂತು. ಕೆಳಗೆ "ಕಾಡಿನ ಮೌನದಲ್ಲಿ ಒಂದು ದಿನ" ಅಂತ ಬರೆದಿದ್ದಾರೆ. ಹನ್ನೊಂದು ಹಾರ್ಟ್. ಒಂದು ನನ್ನ ಹೆಂಡತಿಯದು.

ಮುಂದಿನ ತಿಂಗಳು ನಮ್ಮ ಕಾಸರಗೋಡಿನ ರಾಣಿಪುರಂ ಬೆಟ್ಟ ಅಂತೆ. ಭಾವ ಇನ್ನೂ ದೊಡ್ಡ ಸ್ಪೀಕರ್ ನೋಡಿ ಇಟ್ಟಿದ್ದಾರಂತೆ.