ಸಾಹುಕಾರರ ಇಷ್ಟ, ಕಂಪನಿಯ ನಂಬಿಕೆ

ಗಂಗಾವತಿಯ ದಲ್ಲಾಳಿ ಅಂಗಡಿಯಲ್ಲಿ ಉದ್ರಿ ಹುಟ್ಟಿಸುವುದು ಸುಲಭವಲ್ಲ. ಗೊಬ್ಬರಕ್ಕೆ ಸಾಲ ಕೇಳಿದರೆ ಸಾಹುಕಾರರು ಮೊದಲು ಊರು ಕೇಳುತ್ತಾರೆ, ಆಮೇಲೆ ಅಪ್ಪನ ಹೆಸರು. ಪಹಣಿ ಯಾರ ಹೆಸರಲ್ಲಿದೆ? ಹೋದ ಸಲ ಭತ್ತ ಯಾವ ಅಂಗಡಿಗೆ ಹಾಕಿದ್ದೆ? ಅಲ್ಲಿಂದ ಯಾಕೆ ಬಿಟ್ಟು ಬಂದೆ? ಇಷ್ಟಾದ ಮೇಲೂ ಜಾಮೀನು ಬೇಕು.

ಇಂಥ ಸಾಹುಕಾರರು ಅಂಗಡಿಯ ಅಷ್ಟೂ ವರ್ಷದ ಲೆಕ್ಕವನ್ನು ಕ್ಲೌಡ್‌ಗೆ, ಅಂದರೆ ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿಗೆ, ಒಪ್ಪಿಸಲು ತೆಗೆದುಕೊಂಡದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು.

ಈಗ ಹೊಸ ಪದ್ಧತಿ ಬಂದಿದೆಯಲ್ಲ. ಯಾವ ಕ್ಲೌಡ್ ಕಂಪನಿಯನ್ನು ಎಷ್ಟು ನಂಬಬಹುದು ಎಂದು ಬಳಕೆದಾರರ ಇಷ್ಟಾನಿಷ್ಟ ಕೇಳಿ ಲೆಕ್ಕ ಹಾಕುತ್ತಾರೆ. ಬೆಲೆಗೆಷ್ಟು, ವೇಗಕ್ಕೆಷ್ಟು, ಭದ್ರತೆಗೆಷ್ಟು ಮಾರ್ಕ್ಸ್ ಎಂದು ನೀವು ಹೇಳಬೇಕು. ಟ್ಯಾಬ್ ಹಿಡಿದು ಬಂದ ಹುಡುಗ ಅದನ್ನೇ ಕೇಳಿದ.

"ಭದ್ರತೆಗೆ ಎಷ್ಟು ಹಾಕಲ್ರಿ ಸಾಹುಕಾರ್ರ?"

"ಅದಕ್ಕ ರೊಕ್ಕ ಬ್ಯಾರೆ ಏನು?"

"ಸ್ವಲ್ಪ ಜಾಸ್ತಿ ಆಗತೈತ್ರಿ."

"ಹಂಗಾದ್ರ ಎರಡು ಹಾಕು."

ಅಗ್ಗದ ಬೆಲೆಗೆ ಮಾತ್ರ ಹತ್ತಕ್ಕೆ ಹತ್ತು. ಹುಡುಗ ಬಟನ್ ಒತ್ತಿದ. ಪಟ್ಟಿಯಲ್ಲೇ ಅತಿ ಅಗ್ಗದ ಕಂಪನಿ 100ಕ್ಕೆ 91 ನಂಬಿಕಸ್ಥ ಎಂದು ಹಸಿರು ಬಣ್ಣದಲ್ಲಿ ಬಂತು.

ಗುಮಾಸ್ತರು ಸುಮ್ನೆ ಕೂರುವವರಲ್ಲ. ಟ್ಯಾಬ್ ಇಸಿದುಕೊಂಡು ಭದ್ರತೆಗೆ ಹತ್ತು, ಬೆಲೆಗೆ ಎರಡು ಹಾಕಿದರು. ಅದೇ ಕಂಪನಿ 40ಕ್ಕೆ ಇಳಿಯಿತು. "ಏನಪಾ, ಎರಡು ನಿಮಿಷದಾಗ ಇದರ ನಡತೆ ಇಷ್ಟು ಕೆಟ್ಟು ಹೋತೇನು?" ಎಂದರು. ಹುಡುಗ, "ಅದು ನಿಮ್ಮ ಇಷ್ಟದ ಮ್ಯಾಲೆ ಐತ್ರಿ" ಎಂದ. ಕಂಪನಿಯ ಬೀಗ, ಕಾವಲುಗಾರ ಎಲ್ಲ ಇದ್ದಲ್ಲೇ ಇದ್ದರು.

ಯಾರಿಗೆ ಏನು ಬೇಕು ಅಂತ ಕೇಳುವುದು ಒಳ್ಳೆಯದೇ. ಮದುವೆ ವಿಡಿಯೊ ಮಾಡುವವನಿಗೆ ಜಾಗ ಜಾಸ್ತಿ ಬೇಕು, ಆಸ್ಪತ್ರೆಗೆ ಗುಟ್ಟು ಉಳಿಯಬೇಕು. ಆದರೆ ಗಿರಾಕಿಯ ಆಸೆಯನ್ನು ಕೂಡಿ ಕಳೆದು, ಬಂದ ಉತ್ತರವನ್ನು ಮಾರುವವನ ಪ್ರಾಮಾಣಿಕತೆ ಅಂದುಬಿಟ್ಟರೆ ಹೇಗೆ? ಇನ್ನು ಬಳಕೆದಾರರು ಕೊಟ್ಟ ನಕ್ಷತ್ರಗಳು. ಅವನ್ನು ಕೊಟ್ಟವರು ಇನ್ನೂ ಏನನ್ನೂ ಕಳೆದುಕೊಳ್ಳದವರು. ಕಳೆದುಕೊಂಡವರ ಖಾತೆಯೇ ತೆರೆಯುವುದಿಲ್ಲ, ನಕ್ಷತ್ರ ಎಲ್ಲಿಂದ ಕೊಟ್ಟಾರು!

ಕಂಪನಿಗಳು ಶೇ 99.9 ಹೊತ್ತು ಸೇವೆ ಇರುತ್ತದೆ ಎನ್ನುತ್ತವೆ. ಲೆಕ್ಕ ಹಾಕಿದರೆ ವರ್ಷಕ್ಕೆ 8 ಗಂಟೆ 45 ನಿಮಿಷ ಇಲ್ಲದಿದ್ದರೂ ಮಾತು ಉಳಿಸಿಕೊಂಡಂತೆಯೇ. ಅದನ್ನು ಅಳೆಯುವುದೂ ಅವರ ಕಡೆಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಮುನಿರಾಬಾದಿನಲ್ಲಿ ಅಳೆದು ಎಲ್ಲರಿಗೂ ಮುಟ್ಟಿದೆ ಅಂದ ಹಾಗೆ. ಮಾನ್ವಿ ಕಡೆಯ ಕೊನೆ ಭಾಗದ ರೈತರನ್ನು ಕೇಳಿ, ಹೇಳುತ್ತಾರೆ. ಅಂಗಡಿಯಲ್ಲಿ ಕರೆಂಟ್ ಹೋದರೂ, ನೆಟ್ ಹೋದರೂ ಕ್ಲೌಡ್ ಮಾತ್ರ ಶೇ 99.9 ಚಾಲ್ತಿಯಲ್ಲೇ ಇರುತ್ತದೆ.

ದೊಡ್ಡವರ ಕಥೆಯೂ ಬೇರೆಯಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗೆ, ಅಂದರೆ ಗಿರಾಕಿಗಳ ಲೆಕ್ಕ ಇಟ್ಟ ಕಂಪ್ಯೂಟರುಗಳ ಕಟ್ಟಡಕ್ಕೆ, ಬೆಂಕಿ ಬಿತ್ತು. ಕೆಲವು ಗಿರಾಕಿಗಳ ಬ್ಯಾಕಪ್, ಅಂದರೆ ಕಾಪಿಟ್ಟ ಇನ್ನೊಂದು ಪ್ರತಿ ಕೂಡ ಅದೇ ಆವರಣದಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ್ದೇ ಕೇಂದ್ರ ಹೊತ್ತಿತು. ಸರ್ಕಾರಿ ನೌಕರರು 858 ಟೆರಾಬೈಟ್ ಕಡತ ಇಟ್ಟಿದ್ದ ಜಿ-ಡ್ರೈವ್ ಎಂಬ ಉಗ್ರಾಣ ಸುಟ್ಟುಹೋಯಿತು. ಬೇರೆಲ್ಲೂ ಪ್ರತಿ ಇರಲಿಲ್ಲ. ಕಾರಣ? ತುಂಬಾ ದೊಡ್ಡದಿತ್ತಂತೆ! ಕಣಜ ದೊಡ್ಡದಾಯಿತು ಅಂತ ಬೀಗ ಹಾಕದೆ ಬಿಡುವವರನ್ನು ನಮ್ಮ ಕಡೆ ಏನಂತಾರೆ ಅನ್ನುವುದನ್ನು ಇಲ್ಲಿ ಬರೆಯಲಾಗದು.

ಗುಮಾಸ್ತರು ಒಪ್ಪಂದದ ಸಣ್ಣ ಅಕ್ಷರಗಳನ್ನೂ ಕನ್ನಡಕ ಏರಿಸಿ ಓದಿದರು. ಬಹುತೇಕ ಕಡೆ ಇರುವಂಥದ್ದೇ. ಬ್ಯಾಕಪ್ ಇಟ್ಟುಕೊಳ್ಳುವ ಹೊಣೆ ಗಿರಾಕಿಯದು. ಸೇವೆ ನಿಂತರೆ ಬಿಲ್ಲಿನಲ್ಲಿ ಶೇ 10 ರಿಯಾಯಿತಿ.

"ಸಾಹುಕಾರ್ರ, ಯಾರು ಎಷ್ಟು ಕೊಡಬೇಕು ಅನ್ನೋದ ಹೋದ್ರ, ಹತ್ತು ಪರ್ಸೆಂಟ್ ತಗೊಂಡು ಏನು ಮಾಡೋದ್ರಿ?"

ಸಾಹುಕಾರರು ಯೋಚಿಸಿದರು. ಹುಡುಗನ ಕಡೆ ತಿರುಗಿ, "ಅದನ್ನ ಮುಂದಿನ ಬಿಲ್ಲಿನಾಗ ಹಿಡೀತಾರೋ, ರೊಕ್ಕಾನ ಕೊಡ್ತಾರೋ?" ಎಂದು ಕೇಳಿದರು.

"ಬಿಲ್ಲಿನಾಗ ಹಿಡೀತಾರ್ರಿ."

"ಹಂಗಾದ್ರ ಅಡ್ಡಿಯಿಲ್ಲ" ಎಂದು ಬೆರಳೊತ್ತಿದರು.