ಪ್ರಶಸ್ತಿ ಕೊಟ್ಟರೆ ಸಾಕಾ?

ಜೈಲಿನಲ್ಲಿರುವ ಜಾರ್ಜಿಯಾದ ಪತ್ರಕರ್ತೆ ಮ್ಜಿಯಾ ಅಮಗ್ಲೊಬೆಲಿಗೆ 2025ರ ಸಖಾರೊವ್ ಪ್ರಶಸ್ತಿ ಬಂದಿದೆ. ಮಾನವ ಹಕ್ಕುಗಳಿಗಾಗಿ ಹೋರಾಡುವವರಿಗೆ ಯುರೋಪಿಯನ್ ಪಾರ್ಲಿಮೆಂಟ್ ಕೊಡುವ ದೊಡ್ಡ ಗೌರವ. ಸುದ್ದಿ ಓದಿ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಗೆಳೆಯರೊಬ್ಬರು "ನೋಡಿ, ಯುರೋಪ್ ಜಾರ್ಜಿಯಾದ ಕೈ ಬಿಡಲಿಲ್ಲ" ಅಂತ ಬರೆದಿದ್ದು ಕಂಡಿತು. ಸುಮ್ನೆ ಇರೋಕೆ ಆಗ್ತಿಲ್ಲ.

ಕೈ ಹಿಡಿದದ್ದು ಯಾವಾಗ?

ನಾನು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತು. ಬೆಬಿಯಾ ಅಂತ ನಾನು ಕರೆಯುವ ಮನೆ ಓನರ್ ಅಜ್ಜಿಯೂ ಗೊತ್ತು. 2024ರ ನವೆಂಬರ್ 28ರಂದು ಜಾರ್ಜಿಯಾದ ಪ್ರಧಾನಿ ಕೊಬಾಖಿಡ್ಜೆ, ಯುರೋಪ್ ಒಕ್ಕೂಟ ಸೇರುವ ಮಾತುಕತೆ 2028ರ ಕೊನೆಯವರೆಗೂ ಬೇಡ ಅಂದರು. ಒಕ್ಕೂಟ ಸೇರುವುದು ಅಲ್ಲಿನ ಸಂವಿಧಾನದಲ್ಲೇ ಬರೆದಿರುವ ಗುರಿ! ಅವತ್ತೇ ರಾತ್ರಿ ಜನ ಟಿಬಿಲಿಸಿಯ ಮುಖ್ಯ ರಸ್ತೆ ರುಸ್ತಾವೆಲಿಗೆ ಇಳಿದರು. ಆ ಚಳಿಯಲ್ಲಿ ಅವರ ಮೇಲೆ ಜಲಫಿರಂಗಿ, ಅಶ್ರುವಾಯು. ಎಪ್ಪತ್ತು ದಾಟಿದ ಬೆಬಿಯಾ ಕೂಡ ಯುರೋಪಿನ ನೀಲಿ ಬಾವುಟ ಹೊದ್ದು ಹೋದರು. ಯುರೋಪಿನಿಂದ ಬಂದದ್ದು ಕಳವಳದ ಹೇಳಿಕೆಗಳು. 2025ರ ಜನವರಿಯಲ್ಲಿ ಜಾರ್ಜಿಯಾದ ರಾಜತಾಂತ್ರಿಕ ಪಾಸ್‌ಪೋರ್ಟ್ ಇರುವವರು ವೀಸಾ ತಗೊಂಡು ಬರಬೇಕು ಅಂತ ಮಾಡಿದರು. ಲಾಠಿ ಬೀಸಿದವರಿಗೆ ಅದು ಯಾವ ಶಿಕ್ಷೆ?

ನಿರ್ಬಂಧ ಹೇರೋಕೆ ಒಕ್ಕೂಟದ 27 ದೇಶವೂ ಒಪ್ಪಬೇಕು, ಹಂಗೇರಿ ಮತ್ತು ಸ್ಲೊವಾಕಿಯಾ ಅಡ್ಡ ನಿಂತವು ಅಂತೀರಿ. ನಿಜ. ಆದರೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಯಾರ ಒಪ್ಪಿಗೆಗೂ ಕಾಯಲಿಲ್ಲ. ಕೆಲವೇ ದಿನದಲ್ಲಿ, ಆಳುವ ಪಕ್ಷ ಕಟ್ಟಿದ ಇವಾನಿಶ್ವಿಲಿಗೇ ತಮ್ಮ ನೆಲದಲ್ಲಿ ಕಾಲಿಡಬೇಡ ಅಂದವು. ಸೋವಿಯತ್ ಆಳ್ವಿಕೆ ಉಂಡ ಪುಟ್ಟ ದೇಶಗಳು ಅವು. ದೊಡ್ಡವರಿಗೂ ಮನಸ್ಸಿದ್ದಿದ್ದರೆ ಆಗುತ್ತಿತ್ತು, ಅಲ್ವಾ? 2008ರಲ್ಲಿ ರಷ್ಯಾ ಜೊತೆಗಿನ ಯುದ್ಧ ಮುಗಿದಾಗಲೂ ಯುರೋಪಿನವರು ವೀಕ್ಷಕರನ್ನು ಕಳಿಸಿದರು. ಜಾರ್ಜಿಯಾದಿಂದ ಸಿಡಿದು ರಷ್ಯಾದ ಹಿಡಿತದಲ್ಲಿರುವ ಅಬ್ಖಾಜಿಯಾ, ದಕ್ಷಿಣ ಒಸ್ಸೇಟಿಯಾ ಒಳಗೆ ಅವರನ್ನು ಬಿಟ್ಟೇ ಇಲ್ಲ. ಹೊರಗೆ ನಿಂತು ನೋಡುತ್ತಿದ್ದಾರೆ.

ಒಂದು ಮಾತು ಇಷ್ಟು ದಿನ ಹೇಳಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಜಾರ್ಜಿಯಾಕ್ಕೆ ಒಕ್ಕೂಟ ಸೇರುವ ಅಭ್ಯರ್ಥಿ ದೇಶದ ಸ್ಥಾನ ಸಿಕ್ಕಾಗ ಬೆಬಿಯಾ ಖಾಚಪುರಿ ಅನ್ನೋ ಚೀಸ್ ರೊಟ್ಟಿ ಮಾಡಿ ಅದೇ ಕಟ್ಟಡದ ಮನೆಗಳಿಗೆಲ್ಲ ಹಂಚಿದ್ದರು. "ಇನ್ನು ಅವರು ನಿಮ್ಮನ್ನು ಬಿಡಲ್ಲ ಬೆಬಿಯಾ" ಅಂದವಳು ನಾನು. ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮ್ಜಿಯಾ ಪತ್ರಕರ್ತೆ. ಬಟುಮಿಯಲ್ಲಿ ಪೊಲೀಸ್ ಮುಖ್ಯಸ್ಥನ ಕೆನ್ನೆಗೆ ಹೊಡೆದರು ಅಂತ ಎರಡು ವರ್ಷ ಜೈಲು. ಅಲ್ಲಿ ಉಪವಾಸ ಕೂತರು. ಕಣ್ಣು ಮಂಜಾಗುತ್ತಿದೆ. ಈ ಪ್ರಶಸ್ತಿ ಅವರಿಗೆ ಸಲ್ಲಲೇಬೇಕಿತ್ತು. ಆದರೆ ಯುರೋಪಿನವರೇ, ಜೈಲಿನ ಬಾಗಿಲು ತೆಗೆಸೋಕೆ ಏನು ಮಾಡಿದಿರಿ?

ಸಂಜೆ ಬೆಬಿಯಾಗೆ ಫೋನ್ ಮಾಡಿದೆ. ಪ್ರಶಸ್ತಿ ಸುದ್ದಿ ಅವರಿಗೆ ಆಗಲೇ ಗೊತ್ತಿತ್ತು. ಜಾಸ್ತಿ ಮಾತಾಡಲಿಲ್ಲ. ರುಸ್ತಾವೆಲಿಗೆ ಹೊರಡಬೇಕು, ಶಾಲು ಹುಡುಕುತ್ತಿದ್ದೇನೆ ಅಂದರು.